ಮಾಸ್ತರ್ರು, ಮೈದಾನ ಮತ್ತು ನಮ್ಮ ಪಾಲಿನ ಸುಣ್ಣ

ನಮ್ಮ ಕ್ಲಬ್ಬಿನ ಅಭಿಮಾನಿಗಳು ಯಾರಿಗಾದರೂ ಒಳ್ಳೇದು ಮಾಡಬೇಕು ಅಂತ ಹೊರಟರೆ ಏನಾದರೊಂದು ಎಡವಟ್ಟು ಆಗದೆ ಮುಗಿಯುವುದಿಲ್ಲ. ಎಷ್ಟು ಸಲ ಆದರೂ ನಮಗೆ ಬುದ್ಧಿ ಬಂದದ್ದಿಲ್ಲ, ಬರುವ ಲಕ್ಷಣವೂ ಇಲ್ಲ.

ನಾನು ಕಾರವಾರದ ಬೈತಖೋಲ ಬಂದರದಲ್ಲಿ ಮೀನು ಹರಾಜು ಕೂಗುವವ. ಬೆಳಿಗ್ಗೆ ಮೊದಲ ಬೋಟು ಬಂದಾಗ ಶುರುವಾದ ನನ್ನ ಬಾಯಿ ಕೊನೆಯ ಬುಟ್ಟಿ ಏಳುವವರೆಗೆ ಮುಚ್ಚುವುದಿಲ್ಲ. ಸಂಜೆ ಮೈದಾನದಲ್ಲಿ ಮತ್ತೆ ಶುರು. ನಿದ್ದೆಯಲ್ಲೂ ಬಂಗಡೆಗೆ ರೇಟು ಕೂಗುತ್ತೇನೆ ಅಂತ ನನ್ನ ಹೆಂಡತಿ ದೂರು.

ಕಾರವಾರದವರಿಗೆ ಫುಟ್‌ಬಾಲ್ ಹುಚ್ಚು ಅಂತ ಎಲ್ಲರಿಗೂ ಗೊತ್ತು. ಗೋವಾ ಪಕ್ಕದಲ್ಲೇ ಇರುವಾಗ ಹುಚ್ಚು ಹತ್ತದೆ ಇರುತ್ತದೆಯೇ? ನಮ್ಮ ಕ್ಲಬ್ಬಿಗೂ ಹುಚ್ಚು ಬೇಕಾದಷ್ಟಿತ್ತು, ಆಟ ಮಾತ್ರ ಇರಲಿಲ್ಲ. ಟೂರ್ನಮೆಂಟಿನಲ್ಲಿ ಮೊದಲ ಮ್ಯಾಚು ನಮ್ಮ ಜೊತೆ ಬಿತ್ತು ಅಂದರೆ ಎದುರಿನವರು ಪೇಡೆ ಹಂಚುತ್ತಿದ್ದರು. ಅಂಥಾ ಹೊತ್ತಿನಲ್ಲಿ ನಮಗೆ ಮಾಸ್ತರ್ರು ಸಿಕ್ಕಿದರು. ಅಂಕೋಲೆ ತಾಲೂಕಿನ ಬೇಲೆಕೇರಿಯವರು. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ್ರಾಗಿ ರಿಟೈರಾಗಿ, ನಮ್ಮೂರಿನ ಹಬ್ಬುವಾಡದಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಸಂಜೆ ವಾಕಿಂಗಿಗೆ ಅಂತ ಬಂದವರು ನಮ್ಮ ಆಟ ನೋಡಿ ಸಂಕಟ ತಡೆಯಲಾಗದೆ ಮೈದಾನಕ್ಕೆ ಇಳಿದರು. ಅವತ್ತು ಇಳಿದವರು ಮತ್ತೆ ಹತ್ತಲಿಲ್ಲ. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಬಾಯಿಗೆ ಬೀಗ

ಅವರು ಬರುವ ಮೊದಲು ನಮ್ಮಲ್ಲಿ ಆಡುವವರಿಗಿಂತ ಆಡಿಸುವವರೇ ಹೆಚ್ಚು. ಗೆರೆಯ ಹೊರಗೆ ನಿಂತ ಪ್ರತಿಯೊಬ್ಬನೂ ಕೋಚು. ಒಬ್ಬ "ಎಡಕ್ಕೆ ಕೊಡೋ" ಅಂದರೆ ಇನ್ನೊಬ್ಬ "ಬಲಕ್ಕೆ ಹೊಡಿಯೋ" ಅನ್ನುತ್ತಿದ್ದ. ಹುಡುಗರು ಪಾಪ, ಯಾರ ಧ್ವನಿ ದೊಡ್ಡದೋ ಅವರ ಮಾತು ಕೇಳುತ್ತಿದ್ದರು. ಧ್ವನಿಯಲ್ಲಿ ನನ್ನನ್ನು ಮೀರಿಸುವವರು ಈ ಕರಾವಳಿಯಲ್ಲಿ ಯಾರಿದ್ದಾರೆ? ಹಾಗಾಗಿ ನಾವು ಸೋತ ಮ್ಯಾಚುಗಳಲ್ಲಿ ಅರ್ಧಕ್ಕೂ ಹೆಚ್ಚು ನಾನೇ ಸೋಲಿಸಿದ್ದು ಅಂತ ಈಗ ಎಲ್ಲರೂ ಹೇಳುತ್ತಾರೆ.

ಮಾಸ್ತರ್ರು ಮೊದಲ ದಿನವೇ ಆಟ ನಿಲ್ಲಿಸಿ ಸೀದಾ ನನ್ನ ಹತ್ತಿರ ಬಂದರು.

"ತಮಾ, ನೀ ಎಂತ ಕೆಲ್ಸ ಮಾಡ್ತೆ?"

"ಹರಾಜು ಕೂಗ್ತೆ ಮಾಸ್ತರ್ರೇ."

"ನೀ ಹರಾಜು ಕೂಗೂವಾಗ ನಾ ಬಂದು ನಡುವೆ ನಿಂತು ನನ್ನ ಮನಸ್ಸಿಗೆ ಬಂದ ರೇಟು ಕೂಗಿದ್ರೆ ಎಂತ ಮಾಡ್ತೆ?"

"ಯಾರೇ ಆಗ್ಲಿ, ಎತ್ತಿ ಸಮುದ್ರಕ್ಕೆ ಒಗೀತೆ!"

"ಸಮಾ ಹೇಳ್ದೆ. ಈಗ ನಿನ್ನ ಎಲ್ಲಿಗೆ ಒಗೀಲಿ, ನೀನೇ ಹೇಳು ನೋಡ್ವಾ."

ಅವತ್ತೇ ಕಾನೂನು ಬಂತು. ಈ ಮೈದಾನದಲ್ಲಿ ಅವರು ಕೈ ಎತ್ತಿದರೆ ಎಲ್ಲರ ಬಾಯಿ ಬಂದ್. ಮತ್ತೆ ಅವರ ಸೀಟಿ ಆಗುವವರೆಗೆ ಚಪ್ಪಾಳೆ ಹೊಡೆಯಬಹುದು, ಒಂದು ಶಬ್ದ ಆಡಬಾರದು. ಆಡಿದವರು ಮುಂದಿನ ಭಾನುವಾರ ಬೆಳಿಗ್ಗೆ ಬಂದು ಮೈದಾನಕ್ಕೆ ಸುಣ್ಣದ ಗೆರೆ ಹಾಕಬೇಕು. ಕ್ಲಬ್ಬಿನ ಅಧ್ಯಕ್ಷರಾಗಲಿ, ಮೀನು ಇಳಿಸುವವರಾಗಲಿ, ಎಲ್ಲರಿಗೂ ಒಂದೇ ಕಾನೂನು.

ಮೊದಲ ಒಂದು ತಿಂಗಳು ಸುಣ್ಣ ಹಾಕಲಿಕ್ಕೆ ಬೇರೆಯವರಿಗೆ ಅವಕಾಶವೇ ಸಿಗಲಿಲ್ಲ. ಪ್ರತಿ ಭಾನುವಾರ ನಾನೇ.

ಯಾರು ತೀರಿಕೊಂಡದ್ದು?

ಬಾಯಿ ಮುಚ್ಚಿದ ಮೇಲೆ ಹುಡುಗರಿಗೆ ಚೆಂಡು ಕಾಣಲಿಕ್ಕೆ ಶುರುವಾಯಿತು. ಆ ಸಲದ ಟೂರ್ನಮೆಂಟಿನ ಮೊದಲ ಮ್ಯಾಚು ಗೆದ್ದೆವು. ನಿಜವಾಗಿಯೂ ಗೆದ್ದೆವು! ಆದರೆ ಗೆದ್ದರೆ ಮುಂದೆ ಎಂತ ಮಾಡಬೇಕು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ಅಭ್ಯಾಸ ಎಲ್ಲಿಯದು? ಯಾವುದೋ ಕಾಲದಲ್ಲಿ ಧೈರ್ಯ ಮಾಡಿ ತಂದಿಟ್ಟ ಪಟಾಕಿ ಇತ್ತು. ಸಮುದ್ರದ ಹಸಿ ಗಾಳಿಗೆ ಮೆತ್ತಗಾಗಿ ಒಂದೂ ಹೊಡೆಯಲಿಲ್ಲ, ಸುಯ್ ಅಂತ ಹೊಗೆ ಬಿಟ್ಟು ಸುಮ್ಮನಾಯಿತು.

ಕೂಗೋಣ ಅಂದರೆ ರೆಫರಿಯ ಸೀಟಿ ಆಗಿದೆ, ಮಾಸ್ತರ್ರ ಸೀಟಿ ಆಗಿಲ್ಲ. ಅವರು ಖುಷಿಯಲ್ಲಿ ಸೀಟಿ ಊದುವುದನ್ನೇ ಮರೆತು ಹುಡುಗರ ಬೆನ್ನು ತಟ್ಟುತ್ತ ನಿಂತಿದ್ದಾರೆ. ಕಾನೂನು ಮುರಿದು ಸುಣ್ಣದ ಬಕೆಟ್ ಹೊರುವವರು ಯಾರು? ಅಷ್ಟೂ ಜನ ಕಣ್ಣಲ್ಲಿ ನೀರು ತುಂಬಿಕೊಂಡು, ತುಟಿ ಬಿಗಿ ಹಿಡಿದು, ಹೊಗೆಯ ನಡುವೆ ಸುಮ್ಮನೆ ನಿಂತೆವು.

ಸೋತ ತಂಡದ ಹಿರಿಯರೊಬ್ಬರು ಚಪ್ಪಲಿ ಬಿಟ್ಟು ಮೆಲ್ಲಗೆ ನನ್ನ ಹತ್ತಿರ ಬಂದು ಭುಜದ ಮೇಲೆ ಕೈ ಇಟ್ಟರು. "ಅಯ್ಯೋ, ಮ್ಯಾಚು ಮುಂದೂಡಬಹುದಿತ್ತಲ್ರೋ. ಯಾರು ತೀರ್ಕೊಂಡದ್ದು?" ಅಂದರು.

ಬುಟ್ಟಿ ಹಿಡಿದ ಹಾಗೆ

ನಮ್ಮ ಗೋಲ್‌ಕೀಪರ್ ನನ್ನ ತಮ್ಮನೇ. ಟ್ರಾಲರಿನಿಂದ ಮೀನಿನ ಬುಟ್ಟಿ ಇಳಿಸುವ ಕೆಲಸ ಅವನದ್ದು. ಊರಿನಲ್ಲಿ ಅವನಿಗೆ "ಹರಕು ಬಲೆ" ಅಂತ ಹೆಸರು. ಎಂತಾ ಹೊಡೆದರೂ ಒಳಗೆ ಬಿಡುತ್ತಿದ್ದ. ಸೋತ ದಿನ ಊಟ ಬಿಟ್ಟು ಮುಸುಕು ಹಾಕಿ ಮಲಗುತ್ತಿದ್ದ. ಆಟ ಬಿಡ್ತೇನೆ ಅಂತ ಅವನು, ಬಿಡು ಅಂತ ನಮ್ಮ ಆಯಿ, ಅಂದರೆ ಅಮ್ಮ.

ಮಾಸ್ತರ್ರು ಒಂದು ಬೆಳಿಗ್ಗೆ ಬಂದರಕ್ಕೇ ಬಂದರು. ಬೋಟಿನ ಮೇಲಿನವರು ಬುಟ್ಟಿ ಎಸೆಯುತ್ತಾರೆ, ಇವನು ಜೆಟ್ಟಿಯ ಮೇಲೆ ನಿಂತು ಹಿಡಿಯುತ್ತಾನೆ, ಹಿಂದೆ ತಿರುಗಿ ಇಡುತ್ತಾನೆ. ಒಂದು ಬಂಗಡೆಯೂ ಕೆಳಗೆ ಬೀಳುವುದಿಲ್ಲ. ಮಾಸ್ತರ್ರು ಅಲ್ಲೇ ಅವನ ಎರಡೂ ಕೈ ಹಿಡಿದುಕೊಂಡು, "ತಮಾ, ಇಷ್ಟು ಚೊಲೋ ಕೈ ಇಟ್ಕೊಂಡು ಆಟ ಬಿಡ್ತ್ಯಾ? ಚೆಂಡು ಅಂತ ಮರ್ತ್‌ಬಿಡು. ಬುಟ್ಟಿ ಹಿಡಿದಂಗೆ ಹಿಡಿ" ಅಂದರು.

ಮುಂದಿನ ಲೀಗ್ ಮ್ಯಾಚಿನಲ್ಲಿ ನೋಡಬೇಕಿತ್ತು. ಎದುರಿನವ ಬಿರುಸಾಗಿ ಹೊಡೆದ ಚೆಂಡನ್ನು ನನ್ನ ತಮ್ಮ ಗಾಳಿಯಲ್ಲೇ ಹಾರಿ ಎರಡೂ ಕೈಯಲ್ಲಿ ಹಿಡಿದ. ಆಹಾ! ನಮಗೆಲ್ಲ ರೋಮಾಂಚನ. ಹಿಡಿದವನು ಎದ್ದು ನಿಂತ. ಹಿಡಿದ ಮೇಲೆ ದಿನಾ ಎಂತ ಮಾಡುತ್ತಾನೋ ಅದನ್ನೇ ಮಾಡಿದ. ಹಿಂದೆ ತಿರುಗಿ, ಎರಡು ಹೆಜ್ಜೆ ನಡೆದು, ಚೆಂಡನ್ನು ಗೋಲಿನ ಒಳಗೆ ನಾಜೂಕಾಗಿ ಕೆಳಗಿಟ್ಟು, "ಬರ್ಲಿ ಇನ್ನೊಂದು" ಅಂತ ಮುಂದೆ ಕೈ ಚಾಚಿದ.

ಮೈದಾನ ಪೂರ್ತಿ ಬಿದ್ದು ಬಿದ್ದು ನಕ್ಕಿತು. ಅವನು ಮಾತ್ರ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಮಾಸ್ತರ್ರು ಹೋಗಿ ಅವನನ್ನು ಎಬ್ಬಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ತಪ್ಪು ನಂದು ಮಾರಾಯಾ. ಹಿಡಿಯೂದು ಹೇಳ್ದೆ, ಇಳಿಸೂದು ಎಲ್ಲಿ ಅಂತ ಹೇಳ್ಲೇ ಇಲ್ಲ."

ನಮ್ಮಂಥವರ ಮಕ್ಕಳು ತಪ್ಪು ಮಾಡಿದಾಗ "ತಪ್ಪು ನಂದು" ಅಂದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಅವತ್ತು ಸೋತು ಬಂದರೂ ನನ್ನ ತಮ್ಮ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಆಯಿ ಒಲೆಯ ಮುಂದೆ ಕೂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ "ಹರಕು ಬಲೆ" ಅಂತ ಅವನನ್ನು ಯಾರೂ ಕರೆಯಲಿಲ್ಲ. ಈಗ "ಬರ್ಲಿ ಇನ್ನೊಂದು" ಅಂತ ಕರೆಯುತ್ತಾರೆ.

ಅಕ್ಕೋರಿಗೆ ಬದನೆಕಾಯಿ

ನಮ್ಮ ಕಡೆ ಯಾರ ಮೇಲಾದರೂ ಪ್ರೀತಿ ಬಂದರೆ ಬಾಯಲ್ಲಿ ಹೇಳುವ ಪದ್ಧತಿ ಇಲ್ಲ, ಮನೆಗೆ ಮೀನು ಕಳಿಸುತ್ತೇವೆ. ಕ್ಲಬ್ಬು ಗೆಲ್ಲಲಿಕ್ಕೆ ಶುರುವಾದ ಮೇಲೆ ಹಬ್ಬುವಾಡದ ಆ ಬಾಡಿಗೆ ಮನೆಯ ಬಾಗಿಲಿಗೆ ಮೀನು ಬಂದದ್ದೇ ಬಂದದ್ದು. ಒಬ್ಬ ಇಸ್ವಾಣ ತಂದರೆ ಇನ್ನೊಬ್ಬ ಸಿಗಡಿ, ಮತ್ತೊಬ್ಬ ಬುಟ್ಟಿ ತುಂಬ ತಾರ್ಲೆ. ಒಬ್ಬ ಕೊಟ್ಟದ್ದು ಇನ್ನೊಬ್ಬನಿಗೆ ಗೊತ್ತಿಲ್ಲ. ಮನೆಯಲ್ಲಿರುವವರು ಇಬ್ಬರೇ. ಹಬ್ಬುವಾಡದ ಬೆಕ್ಕುಗಳೆಲ್ಲ ನಮ್ಮ ಕ್ಲಬ್ಬಿನ ಅಭಿಮಾನಿಗಳಾದವು.

ಕಡೆಗೆ ಒಂದು ದಿನ ಮಾಸ್ತರ್ರ ಹೆಂಡತಿ, ಅಂದರೆ ನಮ್ಮ ಅಕ್ಕೋರು, ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡರು.

"ನಿನಗೆ ಕೈ ಮುಗೀತೆ ತಮಾ. ಒಂದೇ ಒಂದು ಮ್ಯಾಚು ಸೋಲ್ರೋ."

"ಅಯ್ಯಯ್ಯೋ, ಎಂತಕೆ ಅಕ್ಕೋರೇ?"

"ನೀವು ಗೆದ್ದಾಗೆಲ್ಲ ನಮ್ಮನೇಲಿ ಮೀನು. ಹುರಿದ್ರೂ ಮುಗೀತಿಲ್ಲ, ಒಣಗಿಸಿದ್ರೂ ಮುಗೀತಿಲ್ಲ. ಒಂದು ಬದನೆಕಾಯಿ ಪಲ್ಯ ತಿಂದು ಎಷ್ಟು ಕಾಲ ಆಯ್ತೋ ಏನೋ!"

ಅಕ್ಕೋರು ಬಾಯಿ ಬಿಟ್ಟು ಕೇಳಿದ ಮೇಲೆ ನಾವು ಸುಮ್ಮನಿರುತ್ತೇವೆಯೇ? ಬೋಟಿನಿಂದ ಬೋಟಿಗೆ ಸುದ್ದಿ ಹೋಯಿತು. ಆ ಭಾನುವಾರವೂ ಗೆದ್ದೆವು. ಸೋಮವಾರ ಬೆಳಿಗ್ಗೆ ಅಕ್ಕೋರು ಬಾಗಿಲು ತೆಗೆಯಲಿಕ್ಕೆ ನೋಡಿದರೆ ಬಾಗಿಲೇ ತೆರೆಯಲಿಲ್ಲ. ಹೊರಗಿನಿಂದ ಬದನೆಕಾಯಿ ಮೂಟೆ ಅಡ್ಡ ಬಿದ್ದಿತ್ತು.

ಸನ್ಮಾನ

ಆ ವರ್ಷ ಕಪ್ ನಮ್ಮದೇ ಆಯಿತು. ಫೈನಲ್ಲಿನಲ್ಲಿ ಎದುರಿಗಿದ್ದವರು ಯಾರು? ಬೇಲೆಕೇರಿಯವರೇ, ಮಾಸ್ತರ್ರ ಸ್ವಂತ ಊರಿನವರು. ಆ ತಂಡದ ಸೆಕ್ರೆಟರಿ ಅಕ್ಕೋರ ಅಣ್ಣ, ಮಾಸ್ತರ್ರಿಗೆ ಬಾವ. ಸೋತ ಕೂಡಲೇ ಅವರು ಮಾಸ್ತರ್ರ ಹೆಗಲಿಗೆ ಕೈ ಹಾಕಿ, "ಬಾವಾ, ಊರಿನವನಾಗಿ ಊರನ್ನೇ ಸೋಲಿಸಿದೆ. ಸಾಕು, ಇನ್ನು ಬಂದು ನಮ್ಮ ಹುಡುಗರನ್ನ ತಯಾರು ಮಾಡು" ಅಂದರು. ಮಾಸ್ತರ್ರು ಇಲ್ಲ ಅನ್ನದೆ "ನೋಡ್ವಾ" ಅಂದರು.

ಆ "ನೋಡ್ವಾ" ಕೇಳಿ ನಮ್ಮ ಜೀವ ಹೋಯಿತು. ಅವರು ಹೋದರೆ ಮತ್ತೆ ನಾವು, ನಮ್ಮ ಬಾಯಿ, ಎದುರಿನವರ ಪೇಡೆ. ಹೇಗಾದರೂ ಉಳಿಸಿಕೊಳ್ಳಬೇಕು ಅಂತ ಮೀಟಿಂಗು ಮಾಡಿದೆವು. "ಉಳೀರಿ ಮಾಸ್ತರ್ರೇ" ಅಂತ ಸೀದಾ ಹೋಗಿ ಕೇಳಬಹುದಿತ್ತು. ಅಷ್ಟು ಸುಲಭದ ದಾರಿ ನಮ್ಮ ತಲೆಗೆ ಯಾವಾಗ ಹೊಳೆದಿದೆ? ಭರ್ಜರಿ ಸನ್ಮಾನ ಮಾಡೋಣ, ಪ್ರೀತಿ ನೋಡಿ ಅವರೇ ಉಳಿಯುತ್ತಾರೆ ಅಂತ ತೀರ್ಮಾನ ಆಯಿತು.

ಮೈದಾನದಲ್ಲೇ ಪೆಂಡಾಲು. ಶಾಲು, ಹಾರ, ಹಣ್ಣಿನ ಬುಟ್ಟಿ, ಬೆಳ್ಳಿ ಬಣ್ಣದ ಫಲಕ. ಭಾಷಣಕ್ಕೆ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರನ್ನು ಕರೆಸಿದೆವು. ಊರಿನಲ್ಲಿ ಯಾರು ರಿಟೈರಾದರೂ ಭಾಷಣ ಅವರದ್ದೇ, ಮತ್ತು ಅವರಿಗೆ ಬರುವುದು ಅದೊಂದೇ ಭಾಷಣ. ಮೈಕು ಹಿಡಿದವರೇ, "ಇವರ ಸೇವೆಯನ್ನು ನಾವು ಎಂದಿಗೂ ಮರೆಯುವುದಿಲ್ಲ, ಇವರ ಮುಂದಿನ ಜೀವನ ಸುಖಮಯವಾಗಿರಲಿ" ಅಂತ ಮುಗಿಸಿ ಗದ್ಗದಿತರಾದರು.

ನಮ್ಮಲ್ಲಿ ಶಾಲು, ಹಾರ, ಹಣ್ಣು ಮೂರೂ ಒಟ್ಟಿಗೆ ಬರುವುದು ಯಾವಾಗ? ಮನುಷ್ಯನನ್ನು ಬೀಳ್ಕೊಡುವಾಗ. ಮಾಸ್ತರ್ರ ಮುಖ ಸಣ್ಣದಾಯಿತು. ಅವರು ಎದ್ದು, ಅಭ್ಯಾಸದ ಹಾಗೆ ಒಂದು ಕೈ ಎತ್ತಿದರು. ಅಷ್ಟೂ ಜನರ ಬಾಯಿ ಬಂದ್.

"ಖರೇ ಹೇಳೂದಾದ್ರೆ, ಇಲ್ಲೇ ಇರೂದು ಅಂತ ನಾ ಮನಸ್ಸಲ್ಲಿ ಮಾಡಿದ್ದೆ" ಅಂದರು. "ನೀವೇ ಹಾರ ಹಾಕಿ ಕಳಸ್ತ್ರಿ ಅಂದ್ಮೇಲೆ ಎಂತ ಮಾಡೂಕಾಗ್ತದೆ? ಬಾವನೂ ಬಂದಾನೆ, ನಾಳೆ ಸಾಮಾನು ಕಟ್ತೇವೆ. ಯಾರಾದ್ರೂ ಎಂತಾದ್ರೂ ಹೇಳೂದಿದ್ರೆ ಈಗ್ಲೇ ಹೇಳಿ."

ಯಾರೂ ಹೇಳಲಿಲ್ಲ. ಹೇಗೆ ಹೇಳುವುದು? ಕೈ ಮೇಲೆ ಇದೆ, ಸೀಟಿ ಆಗಿಲ್ಲ. ಅಧ್ಯಕ್ಷರು ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಾರೆ. ನನ್ನ ತಮ್ಮ ಅಳುತ್ತಾ ಚಪ್ಪಾಳೆ ಹೊಡೆಯುತ್ತಿದ್ದಾನೆ. ಅವನನ್ನು ನೋಡಿ ಎಲ್ಲರೂ ಅಳುತ್ತಾ ಚಪ್ಪಾಳೆ ಹೊಡೆದರು. ಮಾಸ್ತರ್ರು ಆ ಚಪ್ಪಾಳೆ ಕೇಳಿ ಇನ್ನೂ ಕುಗ್ಗಿದರು.

ಹರಾಜಿನವನಿಗೆ ಒಂದು ವಿಷಯ ಗೊತ್ತಿರುತ್ತದೆ. ಕೊನೆಯ ಕೂಗಿಗೆ ಎಲ್ಲರೂ ಸುಮ್ಮನಿದ್ದರೆ ಮಾಲು ಕೈಬಿಟ್ಟಂತೆ. ನಾನು ಕುರ್ಚಿ ಹತ್ತಿ ನಿಂತು, ಬೈತಖೋಲದಿಂದ ಬೇಲೆಕೇರಿಯವರೆಗೆ ಕೇಳುವ ಹಾಗೆ ಕೂಗಿದೆ:

"ಮಾಲು ಕೊಡೂದಿಲ್ಲ! ಎಷ್ಟಕ್ಕೂ ಕೊಡೂದಿಲ್ಲ! ಇದು ಕಳಿಸೂಕೆ ಹಾಕಿದ ಹಾರ ಅಲ್ಲ ಮಾಸ್ತರ್ರೇ, ಕಟ್ಟಿ ಹಾಕೂಕೆ ಹಾಕಿದ್ದು!"

ಮಾಸ್ತರ್ರು ಕೆಂಪು ಮುಖ ಮಾಡಿ ನನ್ನತ್ತ ಬೆರಳು ತೋರಿಸಿದರು. "ಸೀಟಿ ಆಯ್ತನಾ? ಬಾಯಿ ಬಿಟ್ಟೆ ಅಲ್ವಾ? ಬರೂ ವರ್ಷ ಪೂರ್ತಿ ಸುಣ್ಣ ನೀನೇ ಹಾಕೂದು! ನಾನೇ ಎದುರು ನಿಂತು ಹಾಕಸ್ತೆ!"

ಒಂದು ಕ್ಷಣ ಎಲ್ಲರೂ ಮುಖ ಮುಖ ನೋಡಿಕೊಂಡೆವು. ಬರೂ ವರ್ಷ? ಎದುರು ನಿಂತು? ಅಂದರೆ ಇಲ್ಲೇ!

ಆಮೇಲೆ ಆದ ಗದ್ದಲ ಕೇಳಬೇಡಿ. "ಮಾಸ್ತರ್ರೇ, ನಾನೂ ಮಾತಾಡ್ದೆ, ನನಗೂ ಸುಣ್ಣ!" "ನನಗೂ!" "ನನಗೂ!" ಅಧ್ಯಕ್ಷರು ಕರವಸ್ತ್ರ ಎಸೆದು ಕೂಗಿದರು. ಬೇಲೆಕೇರಿಯ ಬಾವ ತಡೆಯಲಾಗದೆ ಎದ್ದು, "ಇದು ಅನ್ಯಾಯ ಬಾವಾ, ನೀ ಊರಿಗೆ ಬರ್ತೆ ಅಂದಿದ್ದೆ!" ಅಂದರು. ಅವರಿಗೂ ಸುಣ್ಣ. ಹೆಂಗಸರ ಸಾಲಿನಿಂದ ಅಕ್ಕೋರು, "ಸಾಮಾನು ಕಟ್ಟೂಕೆ ನನ್ನ ಕೇಳಿದ್ರಾ ನೀವು?" ಅಂದರು. ಆ ಭರದಲ್ಲಿ ಮಾಸ್ತರ್ರು ಅವರಿಗೂ ಬೆರಳು ತೋರಿಸಿ "ಸುಣ್ಣ!" ಅಂದುಬಿಟ್ಟರು. ಅಂದ ಮೇಲೆಯೇ ಯಾರಿಗೆ ಅಂದೆ ಅಂತ ಅವರಿಗೆ ಗೊತ್ತಾಯಿತು. ನಮ್ಮ ಮಾಸ್ತರ್ರು ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಮಾಡುವವರಲ್ಲ. ಎಲ್ಲರಿಗೂ ಸುಣ್ಣವೇ.

ಹಾಗಾಗಿ ಮಾಸ್ತರ್ರು ಇನ್ನೂ ನಮ್ಮಲ್ಲೇ ಇದ್ದಾರೆ. ಅವರ ಋಣ ನಾವು ಯಾವ ಜನ್ಮದಲ್ಲೂ ತೀರಿಸಲಾರೆವು. ಸುಣ್ಣಕ್ಕೆ ಅಷ್ಟು ಜನ ಆದ ಮೇಲೆ ನನ್ನ ಒಂದು ವರ್ಷದ ಸುಣ್ಣವನ್ನು ಭಾನುವಾರಕ್ಕೊಬ್ಬರಂತೆ ಎಲ್ಲರಿಗೂ ಪಾಳಿ ಹಂಚಿದರು. ಬೇಲೆಕೇರಿಯ ಬಾವನೂ ತನ್ನ ಪಾಳಿ ಬಂದಾಗ ಮೊದಲ ಬಸ್ಸಿಗೆ ಬಂದು, ಬಕೆಟ್ ಹಿಡಿದು, ಬೈಯುತ್ತಾ ಗೆರೆ ಹಾಕಿ ಹೋಗುತ್ತಾರೆ.

ಅಕ್ಕೋರ ಪಾಳಿಯ ಭಾನುವಾರವೂ ಬಂತು. ಅಕ್ಕೋರು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಆರಾಮಾಗಿ ಕೂತರು. ಕೊರಳಿನಲ್ಲಿ ಸೀಟಿ, ಕೈಯಲ್ಲಿ ಬಕೆಟ್ ಹಿಡಿದು, ಸೊಂಟ ಬಗ್ಗಿಸಿ ಗೆರೆ ಹಾಕಿದವರು ಮಾಸ್ತರ್ರು. ಶುರು ಮಾಡುವ ಮೊದಲೇ ಅವರು ಕೈ ಎತ್ತಿದ್ದರಿಂದ ನಾವೆಲ್ಲ ಕಾನೂನಿನ ಪ್ರಕಾರ ಶಬ್ದ ಆಡದೆ ಚಪ್ಪಾಳೆ ಹೊಡೆಯುತ್ತಾ ನಿಂತೆವು. ನನಗೆ ಮಾತ್ರ ಎಷ್ಟು ತಡೆದರೂ ತಡೆಯಲಾಗಲಿಲ್ಲ.

"ಮಾಸ್ತರ್ರೇ, ಗೆರೆ ಡೊಂಕಾಯ್ತು!" ಅಂದೆ.

ಅದರ ಮರು ಭಾನುವಾರ ಮತ್ತೆ ನಾನೇ.