ಮಧ್ಯಾಹ್ನ ಮಾತು ಬಿಡುವ ಯಂತ್ರ

ನಾನು ಎದುರಿಗೆ ನಿಂತಾಗ ಯಾವ ಯಂತ್ರವೂ ಕೆಡುವುದಿಲ್ಲ. ಮನೆಗೆ ಬಂದು ರೊಟ್ಟಿ ಮುರಿದೆನೋ, ಫೋನು ಬರುತ್ತದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಮಣ್ಣು ಅಗೆಯುವ ದೊಡ್ಡ ಯಂತ್ರಗಳ ಎಲೆಕ್ಟ್ರಾನಿಕ್ ದೋಷ ಹುಡುಕುವುದು ನನ್ನ ಕೆಲಸ. ಈಗಿನ ಯಂತ್ರದೊಳಗೆ ಎಂಜಿನ್ನಿಗೊಂದು, ಪಂಪಿಗೊಂದು, ಆಪರೇಟರನ ಮುಂದಿನ ಪರದೆಗೊಂದು ಸಣ್ಣ ಪೆಟ್ಟಿಗೆ ಇರುತ್ತದೆ. ಹುರಿ ಹೊಸೆದ ಎರಡು ತೆಳು ತಂತಿಗಳ ಮೇಲೆ ಅವು ಹಗಲೆಲ್ಲ ಒಂದರೊಡನೊಂದು ಮಾತಾಡುತ್ತವೆ, ಒಂದೇ ಮನೆಯ ನೆಗೆಣ್ಣಿಯರ ಹಾಗೆ. ಮಾತು ಬಿಟ್ಟರೆ ಒಲೆ ಹೊತ್ತುವುದಿಲ್ಲ, ಅಷ್ಟೇ. ಲ್ಯಾಪ್‌ಟಾಪ್ ಜೋಡಿಸಿ ಆ ಮಾತು ಸಾಲುಸಾಲಾಗಿ ಹರಿಯುವುದನ್ನು ನೋಡುತ್ತ ಕುಳಿತರೆ ನಾನು ಎಲ್ಲಿದ್ದೇನೆಂಬುದೇ ಮರೆತುಹೋಗುತ್ತದೆ. ನನ್ನ ಹೆಂಡತಿ ಅನ್ನುವುದು ಬೇರೆ: "ಡಬ್ಬಿ ಮಾತಾಡಿದ್ದು ಕೇಳಸ್ತೈತಿ, ನಾ ಅಂದಿದ್ದು ಕೇಳಸೂದಿಲ್ಲ ನಿಮಗ."

ಹೋದ ಬೇಸಿಗೆಯಲ್ಲಿ ಒಂದೇ ಯಂತ್ರ ನನ್ನನ್ನು ನಾಲ್ಕೂ ತಾಲೂಕು ಸುತ್ತಿಸಿತು.

೧. ಸುಣ್ಣ

ಮೊದಲು ಕೆಟ್ಟದ್ದು ತಿಳವಳ್ಳಿಯ ಕೆರೆಯಲ್ಲಿ, ಹೂಳೆತ್ತುವಾಗ. ಮಧ್ಯಾಹ್ನವಾದರೆ ಸಾಕು, ತೋಳು ಎತ್ತಿದ್ದು ಎತ್ತಿದ ಹಾಗೇ ಯಂತ್ರ ನಿಲ್ಲುತ್ತಿತ್ತು, ಪರದೆ ಕಪ್ಪಾಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಚಾವಿ ತಿರುವಿ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಏನೂ ಆಗದ ಹಾಗೆ ಓಡುತ್ತಿತ್ತು.

ಮಾಲೀಕರು ಬಿಳಿ ಬಟ್ಟೆಯ ಭಾರಿ ಆಸಾಮಿ. "ದಿನಾ ಊಟಾ ಮುಗಿಸಿ ಕೆಲಸಾ ನೋಡಾಕ ಬರ್ತೇನಿ. ನಾ ಬಂದ ಕೂಡ್ಲೇ ನಿಲ್ತೈತಿ. ತಾನ ನಿಲ್ತೈತೋ, ಈ ಕಾಕಾ ನಿಲ್ಲಸ್ತಾನೋ? ಕೆಟ್ಟೈತಿ ಅಂತ ನನಗ ತೋರಸೂದು, ನಾ ಆ ಕಡೆ ಹೋದ ಮ್ಯಾಲೆ ನೆರಳಾಗ ಮಲಗೂದು!" ಎಂದರು.

ಕಾಕಾ ಅಂದರೆ ಆಪರೇಟರು, ಸವಣೂರಿನವನು. ತಲೆ ನರೆತಿದೆ, ಈ ಸೀಟು ಹೋದರೆ ಇನ್ನೊಬ್ಬರು ಕರೆಯುವ ವಯಸ್ಸಲ್ಲ. "ನೀವು ಬರೂತನಾ ಚಲೋ ಓಡತೈತ್ರಿ ಸಾವ್ಕಾರ್ರ" ಎಂದ ಪಾಪ. ಅದನ್ನು ಕೇಳಿ ಮಾಲೀಕರ ಸಿಟ್ಟು ಇನ್ನಷ್ಟು ಏರಿತು.

ಸೀಟಿನ ಕೆಳಗಿನ ವಾಯರಿನ ಜೋಡಣೆ ಬಿಚ್ಚಿದೆ. ಒಳಗೆಲ್ಲ ಬೆಳ್ಳಗೆ! "ಸಿಕ್ಕಿತು, ಕಿಲುಬು!" ಎಂದು ಕೂಗಿದೆ. ಕಾಕಾ ಮೆಲ್ಲಗೆ ಕೆರೆಯ ಆಚೆ ದಡ ನೋಡತೊಡಗಿದ. "ಕಿಲುಬಲ್ರಿ ಸಾಹೇಬ್ರ. ಎಲಿಗೆ ಸುಣ್ಣಾ ಹಚ್ಚಿದ ಮ್ಯಾಲೆ ಬಟ್ಟು ಒರಸಾಕ ಅದ ಜಾಗಾ."

ಉಜ್ಜಿ ತೊಳೆದು ಕೂಡಿಸಿದೆ. ಕಾಕಾ ಕೆಲಸದ ಮೇಲಿದ್ದಾಗ ಎಲೆ ಮುಟ್ಟುವುದಿಲ್ಲವೆಂದು ಆಣೆ ಮಾಡಿದ. ವೀಳ್ಯದೆಲೆಗೆ ಹೆಸರಾದ ಸವಣೂರಿನ ಮನುಷ್ಯ ಎಲೆ ಬಿಡುವುದೆಂದರೆ ಸಣ್ಣ ಮಾತೇ? ಮರುದಿನ ಮಧ್ಯಾಹ್ನ ಅವನದೇ ಫೋನು, ದನಿಯಲ್ಲಿ ಹಬ್ಬ: "ಸಾಹೇಬ್ರ, ಮತ್ತ ನಿಂತೈತ್ರಿ! ಇನ್ನ ನಾ ಎಲಿ ಹಾಕ್ಕೋಬಹುದಲ್ರಿ?"

೨. ದೃಷ್ಟಿ

ಆಮೇಲೆ ದುಂಡಸಿಯಲ್ಲಿ ಹೊಲ ಮಟ್ಟ ಮಾಡುವ ಕೆಲಸ. ಹೊಲದೊಡತಿ ಒಬ್ಬ ಅಜ್ಜಿ. ಯಂತ್ರ ನಿಂತದ್ದನ್ನು ನೋಡಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. "ದೃಷ್ಟಿ ಆಗೈತಿ. ಇಷ್ಟ್ ಚಂದ ಹಳದಿ ಬಣ್ಣಾ ಬಳದ್ರ ಆಗದ ಬಿಡತೈತೇನು?"

ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಆ ಘಾಟಿಗೆ ಮಾಲೀಕರು ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸುತ್ತ ಕಾರು ಹತ್ತಿ ಹೋದವರು ಆ ದಿನ ತಿರುಗಿ ಬರಲಿಲ್ಲ. ಯಂತ್ರ ಸಂಜೆಯವರೆಗೆ ಒಮ್ಮೆಯೂ ನಿಲ್ಲದೆ ಓಡಿತು. ನಾನು ಬೇವಿನ ನೆರಳಿನಲ್ಲಿ ಕುಳಿತು ಅದರ ಗುಡುಗುಡು ಕೇಳುತ್ತ, ಇಷ್ಟು ಓದಿದ್ದಕ್ಕಿಂತ ಮೆಣಸಿನಕಾಯಿಯನ್ನೇ ನಂಬಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸುತ್ತಿದ್ದೆ.

ಮರುದಿನ ಮಾಲೀಕರು ಬಂದರು, ಯಂತ್ರ ನಿಂತಿತು. ಆದರೆ ಆ ಸುದ್ದಿ ಯಾರಿಗೆ ಬೇಕು? ಅಜ್ಜಿಯ ಕಟ್ಟೆಯ ಮುಂದೆ ಊರಿನ ಕೆಟ್ಟ ಪಂಪ್‌ಸೆಟ್ಟು, ಮಿಕ್ಸರು, ಟಿವಿಯ ರಿಮೋಟು ಸಾಲುಗಟ್ಟಿದ್ದವು. ನನ್ನ ಕೈಯ ಲ್ಯಾಪ್‌ಟಾಪ್ ಕಂಡು ಅಜ್ಜಿ ಕನಿಕರದಿಂದ ಕರೆದಳು: "ನಿಂದೂ ಕೆಟ್ಟೈತೇನ ಯಪ್ಪಾ? ಪಾಳಿ ಹಚ್ಚು."

೩. ಕಾವಲು

ಹತ್ತಿಮತ್ತೂರಿನಲ್ಲಿ ಕಾಲುವೆ ತೋಡುವಾಗ ಮಾಲೀಕರು ಖಡಾಖಂಡಿತವಾಗಿ ಹೇಳಿದರು. "ದೋಷಾ ಹುಡುಕ್ರಿ, ಇಲ್ಲಾಂದ್ರ ಕಾಕಾನ್ನ ಇಳಸ್ತೇನಿ." ಸರಿ, ಕೆಡುವ ಗಳಿಗೆಯಲ್ಲೇ ಹಿಡಿಯೋಣವೆಂದು ಕ್ಯಾಬಿನ್ನಿನೊಳಗೆ ಕಾಕಾನ ಸೀಟಿನ ಪಕ್ಕದ ತಗಡಿನ ಮುಚ್ಚಳದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕುಳಿತೆ.

ಹೊರಗೆ ಬಿಸಿಲು, ಒಳಗೆ ತಂಪು ಗಾಳಿ. ತೋಳು ಏಳುತ್ತಿತ್ತು, ಇಳಿಯುತ್ತಿತ್ತು, ಮಣ್ಣಿನ ಹಸಿ ವಾಸನೆ ಬರುತ್ತಿತ್ತು. ಅಗೆದಲ್ಲೆಲ್ಲ ಬೆಳ್ಳಕ್ಕಿಗಳು ಇಳಿಯುತ್ತಿದ್ದವು. ಪೆಟ್ಟಿಗೆಗಳ ಮಾತು ಪರದೆಯ ಮೇಲೆ ಹರಿಯುತ್ತಲೇ ಇತ್ತು. ಆ ಸುಖವನ್ನು ಏನೆಂದು ಹೇಳಲಿ! ಎಂಜಿನ್ನು ಪಂಪನ್ನು "ಊಟಾತೇನವಾ?" ಎಂದು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಎಚ್ಚರವಾದಾಗ ಮಾಲೀಕರು ಕೆಳಗೆ ನಿಂತು ಕೂಗುತ್ತಿದ್ದರು. "ಯಾಕೋ ಕಾಕಾ, ಏನಾತೋ ಇವತ್ತ?"

ಕಾಕಾ ತೋಳು ನಿಲ್ಲಿಸದೆ ಉತ್ತರಿಸಿದ: "ಮಷಿನ್ ಚಾಲೂ ಐತ್ರಿ ಸಾವ್ಕಾರ್ರ. ಇಂಜಿನಿಯರ್ ಸಾಹೇಬ್ರು ಬಂದ್ ಬಿದ್ದಾರ."

೪. ಹಿರೇಕೆರೂರಿನ ತೀರ್ಪು

ಅಂದು ಯಂತ್ರ ನಿಲ್ಲದಿದ್ದುದೇ ಕಾಕಾನಿಗೆ ಮುಳುವಾಯಿತು. "ನೋಡ್ರಿ, ಕಾವಲು ಇದ್ರ ನಿಲ್ಲಂಗಿಲ್ಲ. ಕಾವಲುಗಾರ ಮಲಗಿದ್ರೂ ನಡೀತೈತಿ!" ಎಂದರು ಮಾಲೀಕರು. "ಹಿರೇಕೆರೂರಾಗ ನಾನ ಮುಂಜಾನಿಂದ ಮಗ್ಗಲಕ ಕುಂದರ್ತೇನಿ. ಒಮ್ಮಿ ನಿಂತ್ರ ಮುಗೀತು, ಕಾಕಾ ಮನೀಗೆ."

ಹಿರೇಕೆರೂರಿನಲ್ಲಿ ರಸ್ತೆ ಬದಿಯ ಚರಂಡಿ ಕೆಲಸ. ಸೀಟಿನ ಮೇಲೆ ಹಾಸುತ್ತಿದ್ದ ಟವೆಲ್ಲನ್ನು ಕಾಕಾ ಆಗಲೇ ಮಡಚಿ ಚೀಲಕ್ಕೆ ಹಾಕಿಕೊಂಡಿದ್ದ. ಮೇಲೆ ಜಾಗವಿಲ್ಲದೆ ನಾನು ಉದ್ದದ ಕೇಬಲ್ ಎಳೆದುಕೊಂಡು ಕೆಳಗೆ ಮಣ್ಣಿನ ಗುಡ್ಡೆಯ ಮೇಲೆ ಕುಳಿತೆ.

ಮಾಲೀಕರು ಹತ್ತಿದರು, ತಗಡಿನ ಮುಚ್ಚಳದ ಮೇಲೆ ಕುಳಿತರು. ಯಂತ್ರ ನಿಂತಿತು. ನನ್ನ ಪರದೆಯ ಮೇಲೆ ಒಂದು ಅಕ್ಷರವೂ ಇಲ್ಲ.

"ನೋಡಿದ್ರೇನು!" ಎಂದು ಅವರು ಎದ್ದು ನಿಂತು ಅಬ್ಬರಿಸಿದರು. ಪೆಟ್ಟಿಗೆಗಳ ಮಾತು ಹರಿಯತೊಡಗಿತು. ಅಬ್ಬರಿಸಿ ದಣಿದು ಕುಳಿತರು. ಮತ್ತೆ ಮೌನ.

ಕನಸು ಬಿದ್ದಿದೆಯೇನೋ ಎಂದು ನನ್ನ ತೊಡೆ ಚಿವುಟಿಕೊಂಡೆ. "ಸಾವ್ಕಾರ್ರ, ಏಳ್ರಿ" ಎಂದೆ. ಎದ್ದರು. ಮಾತು ಬಂತು. "ಕುಂದರ್ರಿ." ಕುಳಿತರು. ಮಾತು ನಿಂತಿತು. "ಏಳ್ರಿ."

"ಏನ್ ಸಾಲಿ ಹುಡುಗನ್ನ ಮಾಡೀರೇನ ನನ್ನ?" ಎಂದು ಅವರು ಗದರಿದರು.

ಮುಚ್ಚಳ ಎತ್ತಿ ತೋರಿಸಿದೆ. ಅದರ ಅಡಿಯಲ್ಲೇ ಆ ಎರಡು ತಂತಿಗಳು ಹಾದುಹೋಗಿದ್ದವು. ಮೇಲಿನ ಹೊದಿಕೆ ಸವೆದು ತಾಮ್ರ ಹೊಳೆಯುತ್ತಿತ್ತು. ಮಾಲೀಕರು ಕುಳಿತರೆ ತಗಡು ಬಗ್ಗಿ ಎರಡೂ ತಂತಿ ಒಂದಕ್ಕೊಂದು ತಾಗುತ್ತಿದ್ದವು, ಪೆಟ್ಟಿಗೆಗಳ ಬಾಯಿ ಕಟ್ಟುತ್ತಿತ್ತು. ನನ್ನಂಥ ಒಣಕಡ್ಡಿ ಇಡೀ ದಿನ ಕುಳಿತರೂ ಆ ತಗಡು ಮಿಸುಕುವುದಿಲ್ಲ. ಯಂತ್ರ ಓಡುತ್ತದೋ ಇಲ್ಲವೋ ಎಂದು ನೋಡಲು ದಿನವೂ ಹತ್ತಿ ಬಂದು, ಅದೇ ಮುಚ್ಚಳದ ಮೇಲೆ ಕುಳಿತು ನಿಲ್ಲಿಸುತ್ತಿದ್ದವರು ಅವರೇ.

ಮಾಲೀಕರು ತಂತಿಯನ್ನೇ ನೋಡುತ್ತಿದ್ದರು. ಕೊನೆಗೆ, "ಹೊಸಾ ವಾಯರ್ ಬರೂತನಾ ಏನ್ ಮಾಡೂದು?" ಎಂದು ಕೇಳಿದರು, ನನ್ನನ್ನಲ್ಲ, ಕಾಕಾನನ್ನು.

ಕಾಕಾ ಚೀಲದಿಂದ ಟವೆಲ್ ತೆಗೆದು, ಝಾಡಿಸಿ, ಸೀಟಿನ ಮೇಲೆ ಹಾಸಿದ. ಬಹಳ ಮರ್ಯಾದೆಯಿಂದ ಹೇಳಿದ:

"ನೀವು ಊಟಾ ಮಾಡಿ ಮನ್ಯಾಗ ಮಲಕ್ಕೊಳ್ರಿ ಸಾವ್ಕಾರ್ರ. ಮಷಿನ್ ಎಚ್ಚರ ಇರತೈತಿ."