ಹುಗ್ಗಿ ರುಚಿ ನೋಡುವಾಕಿ

“ನಾ ಹ್ವಾದ ಮ್ಯಾಲೆ ಹುಗ್ಗಿ ರುಚಿ ನೋಡಾಕ ತೆಳ್ಳಗಿನವರನ್ನ ಕರೀಬ್ಯಾಡ್ರಿ.”

ನನ್ನ ಹೆಂಡತಿ ನನಗೆ ಹೇಳಿದ ಕಡೇ ಮಾತು ಇದು. ಹೇಳಿ ಗೋಡೆ ಕಡೆ ಹೊರಳಿದಳು. ಬೇರೆಯವರ ಹೆಂಡಿರು ಹೋಗುವಾಗ, ಮಕ್ಕಳನ್ನು ನೋಡಿಕೊಳ್ಳಿ ಅಂತಾರಂತೆ. ಇಕಿ ಹುಗ್ಗಿ ನೋಡಿಕೊಳ್ಳಿ ಅಂದಳು. ನಮ್ಮ ಸಂಸಾರದಲ್ಲಿ ಇಂಥವು ಮೊದಲಿಂದಲೂ ಆಗುತ್ತ ಬಂದಾವು. ನೆನಪಿದ್ದಷ್ಟು ಬರೀತೇನಿ.

ಅಡಿಗೆಯವರು ಯಾರು

ನಾನು ಹಾನಗಲ್ಲಿನವ. ಮದುವೆ ಮನೆಗಳ ಅಡಿಗೆ ನನ್ನ ಕೆಲಸ. ನಾನು ಕಡ್ಡಿ, ಆಕೆ ದಪ್ಪ. ಮೂರು ತುತ್ತಿಗೆ ನನಗೆ ಊಟ ಸಾಕಾಗುತ್ತದೆ. ಸಿಹಿ ಹೆಚ್ಚೋ ಕಡಿಮೆಯೋ ನನ್ನ ನಾಲಿಗೆಗೆ ತಿಳಿಯುವುದಿಲ್ಲ. ಅದಕ್ಕೆ ಪ್ರತಿ ಮದುವೆಗೂ ಆಕೆ ಬರಬೇಕು. ಗೋಧಿ ಹುಗ್ಗಿ ಕುದಿಯುವಾಗ ಬಟ್ಟಲು ಹಿಡಿದು ಕೂಡಬೇಕು. ಆಕೆ ಹೂಂ ಅನ್ನದೆ ನಾನು ಹುಗ್ಗಿ ಇಳಿಸುತ್ತಿರಲಿಲ್ಲ.

ಶಿಗ್ಗಾಂವಿಯಲ್ಲಿ ಒಂದು ಮದುವೆ. ಬೀಗರ ಕಡೆಯ ಹಿರಿಯರು ಒಲೆ ಹತ್ತಿರ ಬಂದರು. ಇಬ್ಬರನ್ನೂ ನೋಡಿದರು. ಆಕೆಗೆ ಕೈ ಮುಗಿದು, ಮಂದಿ ಬಾಳ ಬರ್ತಾರ್ರಿ, ಸಾರು ಗಟ್ಟಿ ಇರಲಿ ಅಂದರು. ನನ್ನ ಕಡೆ ತಿರುಗಿ, ಸುಮ್ಮ ಯಾಕ ನಿಂತಿಯೋ ತಮ್ಮಾ, ಉಳ್ಳಾಗಡ್ಡಿ ಹೆಚ್ಚು ಅಂದರು.

ಹೆಚ್ಚಿದೆ. ಒಂದು ಚೀಲ.

ಅವರು ಹೋದ ಮೇಲೆ, ಅಡಿಗೆಯವ ನಾನು ಅಂತ ಯಾಕೆ ಹೇಳಲಿಲ್ಲ ಅಂತ ಕೇಳಿದೆ. “ಹೇಳಿದ್ರ, ನಿಮ್ಮ ಮೈ ನೋಡಿ ಅವರು ಊಟಕ್ಕ ನಿಲ್ತಿದ್ದಿಲ್ರಿ” ಅಂದಳು.

ಐದಲ್ಲ, ಏಳು

ಸವಣೂರಿನಲ್ಲಿ ಮದುವೆ ಮನೆಯ ಮುದುಕಿಯೊಬ್ಬಳು ಹೊಸ್ತಿಲಲ್ಲಿ ಕೂತು ನನ್ನ ಹೆಂಡತಿಯನ್ನೇ ನೋಡುತ್ತಿದ್ದಳು. ಕಡೆಗೆ ಎಲ್ಲರಿಗೂ ಕೇಳುವ ಹಾಗೆ, ರುಚಿ ನೋಡತೇನಿ ಅಂತ ಐದು ಬಟ್ಟಲು ತಿಂದ್ಲು ಅಂದಳು.

“ಐದಲ್ಲಬೇ, ಏಳು. ಎರಡು ನೀ ನೋಡಿಲ್ಲ.”

ಮಂದಿ ನಕ್ಕರು. ಮುದುಕಿಯೂ ನಕ್ಕಳು. ಆ ದಿನ ಕೊಪ್ಪರಿಗೆ ತಳ ಕಂಡಿತು. ಹುಗ್ಗಿ ಅಂದ್ರ ಇದು ಅಂತ ಮಂದಿ ಹೊಗಳಿದರು.

ಆದರೆ ಆಕೆ ಮನೆಗೆ ಬಂದು ಒಂದು ದಿನ ಉಣ್ಣಲಿಲ್ಲ. ನನಗ ನಾಚಿಗಿ ಇಲ್ಲೇನ್ರಿ, ಸಾಕು ಅನ್ನೂದು ಯಾಕ ಬರೂದಿಲ್ಲ ಅಂತ ಕೇಳಿದಳು. ನಾನೂ ತಾಟು ಸರಿಸಿ ಕೂತೆ. ಸಂಜೆಗೆ ಆಕೆಯೇ, “ನೀವರ ಉಣ್ರಿ, ಇಬ್ಬರೂ ಉಪಾಸ ಬಿದ್ರ ನೀವು ಕಾಣೂದಿಲ್ಲ” ಅಂದಳು.

ತವರಿನಿಂದ ಬಂದದ್ದು

ಮೊಣಕಾಲು ನೋವು ಅಂತ ಡಾಕ್ಟರಮ್ಮನ ಹತ್ತಿರ ಹೋದೆವು. ತವರಲ್ಲಿ ಯಾರು ಯಾರು ದಪ್ಪ ಇದಾರೆ ಅಂತ ಅವರು ಕೇಳಿದರು. ಇವಳ ತವರು ಬಂಕಾಪುರ. ಬೆರಳು ಮಡಚಿ ಎಣಿಸಿದಳು. ಅವ್ವ, ಆಯಿ, ಅಕ್ಕ, ಇಬ್ಬರು ಚಿಗವ್ವದಿರು. ಎಲ್ಲಾರೂ ನನಗಿಂತ ಗಟ್ಟಿ ಅದಾರ್ರಿ ಅಂದಳು, ಮನೆತನ ಹೇಳುವವರ ಹಾಗೆ.

ಡಾಕ್ಟರಮ್ಮ ಸಾವಕಾಶ ತಿಳಿಸಿದರು. ಕೆಲವು ಮನೆತನದಲ್ಲಿ ಇದು ಹುಟ್ಟಿನಿಂದಲೇ ಬರುತ್ತದಂತೆ. ಜೀನು ಅಂತಾರಂತೆ. ಉಂಡರೆ ಖುಷಿ ಕೊಡುವ ಜಾಗ ಮಿದುಳಿನಲ್ಲಿ ಇರುತ್ತದಂತೆ. ಇಂಥವರಿಗೆ ಸಿಹಿ ಕಂಡರೆ ಸಾಕು, ಆ ಜಾಗ ಉಳಿದವರಿಗಿಂತ ಜೋರಾಗಿ ಎದ್ದು ಕೂಡುತ್ತದಂತೆ. ಹೊಟ್ಟೆ ತುಂಬಿದ ಸುದ್ದಿ ಮಾತ್ರ ತಡವಾಗಿ ಮುಟ್ಟುತ್ತದಂತೆ. ದಿನಾ ಅಡ್ಡಾಡು, ಸಿಹಿ ಕಡಿಮೆ ಮಾಡು, ಆದರೆ ನಾಚಿಕೆ ಪಡಬೇಡ, ಇದು ನಿನ್ನ ಗುಣದ ತಪ್ಪಲ್ಲ ಅಂದರು.

ಇವಳು ನನ್ನ ಕಡೆ ಬೆರಳು ಮಾಡಿ, ಹಂಗಾರ ಇವರ ಮಿದುಳಿನಾಗ ಆ ಜಾಗನ ಇಲ್ಲೇನ್ರಿ ಅಂತ ಕೇಳಿದಳು. ನಾನು ಉತ್ತರ ಕೊಟ್ಟದ್ದು ಮನೆ ಮುಟ್ಟಿ ಚಪ್ಪಲಿ ಬಿಟ್ಟ ಮೇಲೆ. ನನಗೂ ಐತಿ, ನೀ ಉಣ್ಣೂದು ನೋಡಿದ್ರ ಏಳತೈತಿ ಅಂದೆ.

“ಇಷ್ಟು ಹೇಳಾಕ ಇಷ್ಟೊತ್ತು ಬೇಕಾತೇನ್ರಿ?”

ನನ್ನ ಅವ್ವನಿಗೆ ಒಂದು ಕೊರಗು ಇತ್ತು. ಸೊಸೆ ತವರಿನಿಂದ ಏನೂ ತರಲಿಲ್ಲ ಅಂತ. ಆ ದಿನ ಇವಳು ಒಳಗೆ ಹೋಗಿ ಸೊಂಟದ ಮೇಲೆ ಕೈ ಇಟ್ಟು ನಿಂತು, “ಅತ್ತೀ, ತಂದೇನಿ ನೋಡ್ರಿ” ಅಂದಳು.

ಚಿಕ್ಕೇರೂರಿನ ಮದುವೆ

ಆಕೆ ಹೋದದ್ದು ಒಂದು ಬೆಳಿಗ್ಗೆ. ಅವತ್ತೇ ಮಣ್ಣು ಮಾಡಿ ಬಂದೆವು. ಮರುದಿನ ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಲ್ಲಿ ಮದುವೆ ಒಪ್ಪಿಕೊಂಡಿದ್ದೆ. ನಾವು ಸೂತಕ ಹಿಡಿಯುವವರಲ್ಲ. ಆದರೂ ಬೇರೆಯವರನ್ನು ಕಳಿಸು ಅಂತ ಮನೆಯವರೆಲ್ಲ ಹೇಳಿದರು. ಆ ಮದುವೆ ಮನೆಯವರು ಆಕೆ ರುಚಿ ನೋಡಿದ ಹುಗ್ಗಿ ಹಿಂದೆ ಉಂಡವರು. ಅದೇ ಹುಗ್ಗಿ ಬೇಕು ಅಂತ ಹೇಳಿ ಹೋಗಿದ್ದರು. ಅದು ಕೆಟ್ಟರೆ ಕೆಡುವುದು ಆಕೆಯ ಹೆಸರು. ಹೊರಟೆ.

ನಸುಕಿಗೇ ಹುಗ್ಗಿ ಕುದಿಯಿತು. ರುಚಿ ನೋಡಲು ಯಾರೂ ಇಲ್ಲ. ಮದುವೆ ಮನೆಯ ಹಿರಿಯರೊಬ್ಬರು ಬಂದು ಚಮಚದ ತುದಿ ನೆಕ್ಕಿ ಭೇಷ್ ಅಂದರು. ಸಣಕಲು ಮನುಷ್ಯ. ನಾನು ನಂಬಲಿಲ್ಲ.

ಆಗ ಒಳಗೆ ಮದುಮಗಳು ಕಂಡಳು. ಅರಿಷಿಣ ಹಚ್ಚಿಕೊಂಡು ಕೂತಿದ್ದಳು. ಮೈ ತುಂಬಿದ ಹುಡುಗಿ. ಅಪ್ಪನ ಅಕ್ಕ, ಸೋದರತ್ತೆ, ಅವಳ ಮುಂದಿನ ತಾಟು ಸರಿಸುತ್ತ, ಇವತ್ತರ ಬಾಯಿ ಕಟ್ಟು, ಬೀಗರು ನೋಡ್ತಾರ ಅಂತ ಬೈಯುತ್ತಿದ್ದಳು. ಹುಡುಗಿ ತಲೆ ತಗ್ಗಿಸಿದ್ದಳು. ಆದರೆ ಮೂಗು ನನ್ನ ಒಲೆ ಕಡೆ ಇತ್ತು. ಆ ಮೂಗು ನನಗೆ ಗೊತ್ತು. ಮೂವತ್ತು ವರ್ಷ ನೋಡೇನಿ.

ಬಟ್ಟಲು ತುಂಬಿ ಒಯ್ದೆ. ರುಚಿ ನೋಡಿ ಹೇಳವ್ವಾ ಅಂದೆ. ಅವಳು ಕಣ್ಣು ಮುಚ್ಚಿ ತಿಂದಳು. ಪೂರ್ತಿ ತಿಂದಳು.

“ಬೆಲ್ಲ ಸಾಲೂದಿಲ್ಲ ಕಾಕಾ. ಹಾಕಿ ಇನ್ನೊಂದು ಬಟ್ಟಲು ತರ್ರಿ. ಒಂದರಾಗ ಖಾತ್ರಿ ಆಗೂದಿಲ್ಲ.”

ಅತ್ತೆ ನನ್ನ ಮೇಲೆ ಏರಿ ಬಂದಳು. ನಾನು ಮಾತು ಕಡಿಮೆ ಆಡುವವ. ಅವತ್ತು ಆಡಿದೆ.

“ಇದು ಹೊಟ್ಟಿಬಾಕತನ ಅಲ್ಲಬೇ ಯಕ್ಕಾ. ತವರಿನಿಂದ ರಕ್ತದಾಗ ಬಂದದ್ದು. ನನ್ನ ಹೆಂಡತಿಗೂ ಇತ್ತು. ಆಕಿ ನಾಲಿಗಿ ನಂಬಿ ನಾಕು ತಾಲೂಕು ಉಂಡಾವು.”

ಅತ್ತೆ ಒಮ್ಮೆ ಹುಡುಗಿಯ ಮೈ, ಒಮ್ಮೆ ತನ್ನ ಮೈ ನೋಡಿಕೊಂಡಳು. ಅವಳೂ ಸಣ್ಣಾಕೆ ಏನಲ್ಲ. ಆಮೇಲೆ ಸೀರೆ ಸರಿ ಮಾಡಿಕೊಂಡು ಹುಡುಗಿಯ ಮಗ್ಗಲಲ್ಲಿ ಕೂತಳು.

“ಹಂಗಾರ ನನಗೂ ಒಂದು ಬಟ್ಟಲು ತರ್ರಿ. ನಾನೂ ಆಕಿ ತವರಿನಾಕಿನ.”

ನಾನು ಒಲೆಗೆ ಹೋದೆ. ಒಂದು ಪೆಂಟೆ ಬೆಲ್ಲ ಒಡೆದು ಹಾಕಿದೆ. ಕರಗುವ ತನಕ ಸೌಟು ಆಡಿಸಿದೆ. ಎರಡು ಬಟ್ಟಲು ತುಂಬಿಕೊಂಡು ಒಳಗೆ ನಡೆದೆ.