ರಸ್ತೆಯ ಆ ಬದಿಯಿಂದ ನೋಡುವವರು

ಗೋಡೆ ಮೇಲೆ ಬರೆದು ಹೊಟ್ಟೆ ಹೊರೆಯುವವನಿಗೆ ಒಂದಲ್ಲ ಒಂದು ಫಜೀತಿ ಇದ್ದೇ ಇರುತ್ತದೆ. ಬರೆದದ್ದನ್ನು ಮುಚ್ಚಿಡಲು ಆಗುವುದಿಲ್ಲ, ಊರೆಲ್ಲ ನಿಂತು ನೋಡುತ್ತದೆ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಬ್ರಷ್ ಹಿಡಿದವನು. ಯಾರ ಕೈಕೆಳಗೂ ದುಡಿದಿಲ್ಲ. ಹಂಗ ಬದುಕಲು ಏನೇನು ಬೇಕು ಎಂದು ಕೆಲವರು ಕೇಳುತ್ತಾರೆ. ಬ್ರಷ್ ಬೇಕು. ಗೆರೆ ಹೊಡೆಯಲು ಸುಣ್ಣದ ದಾರ ಬೇಕು. ಏಣಿ ಬೇಕು. ದೂರ ನಿಂತು ನಿಜ ಹೇಳುವ ಒಬ್ಬರು ಬೇಕು.

ನನಗೆ ಆ ಒಬ್ಬಳು ನನ್ನ ಹೆಂಡತಿ. ಹೋದ ವರ್ಷ ತೀರಿಕೊಂಡಳು.

ಬಸ್ಸು

ಏಣಿ ಹತ್ತಿದವನಿಗೆ ಸಾಲು ಡೊಂಕಾದದ್ದು ಕಾಣುವುದಿಲ್ಲ. ಮೂಗಿನ ಮುಂದೆ ಬರೀ ಬಣ್ಣ. ಅದಕ್ಕೆ ಅವಳು ರಸ್ತೆಯ ಆ ಬದಿ ನಿಲ್ಲುತ್ತಿದ್ದಳು. ಸಾಲು ಮೇಲಾಗಬೇಕಾದರೆ ಕೈ ಎತ್ತುವಳು, ಕೆಳಗಾಗಬೇಕಾದರೆ ಇಳಿಸುವಳು. ಗಾಡಿಗಳ ಸದ್ದಿನಲ್ಲಿ ಕೂಗಿದರೆ ಕೇಳುತ್ತಿರಲಿಲ್ಲ.

ಕುಷ್ಟಗಿಯಲ್ಲಿ ಒಂದು ಖಾನಾವಳಿ ಬೋರ್ಡು ಬರೆಯುತ್ತಿದ್ದೆ. ಮಾಲಕ ಏಣಿ ಕೆಳಗೇ ನಿಂತು ಅವಸರ ಮಾಡುತ್ತಿದ್ದ. ಅವಳು ಕೈ ಎತ್ತಿದಳು. ಬಸ್ಸು ಬಂದು ನಿಂತಿತು. ನನಗೆ ಅವಳು ಕಾಣದಾದಳು. ಬಸ್ಸು ಹೋಯಿತು, ಮತ್ತೆ ಕೈ ಎತ್ತಿದಳು. ಮತ್ತೊಂದು ಬಸ್ಸು ನಿಂತಿತು. ಮೂರನೆಯದರ ಕಂಡಕ್ಟರ್ ಇಳಿದೇ ಬಂದು, ಎಲ್ಲಿಗೆ ಹೋಗಬೇಕವ್ವಾ ನೀನು ಎಂದು ಗದರಿದನಂತೆ.

“ನಾ ಎಲ್ಲಿಗೂ ಹೊಂಟಿಲ್ಲಪಾ. ಆ ಬೋರ್ಡಿನ್ಯಾಗ ಊಟದ ಸಾಲು ಎರಡು ಬಟ್ಟು ಮ್ಯಾಲ ಹೋಗಬೇಕು,” ಅಂದಳಂತೆ.

ಎತ್ತು

ಯಲಬುರ್ಗಾ ಕಡೆ ಬೇವೂರಿನಲ್ಲಿ ಒಬ್ಬ ಒಕ್ಕಲಿಗ ತನ್ನ ಬಿಳಿ ಎತ್ತನ್ನು ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಬರೆಸಿದ. ಫೋನಿಗೆ ಫೋಟೋ ಕಳಿಸುತ್ತೇನೆ ಅಂದ. ನನಗೆ ಎತ್ತೇ ಬೇಕು ಅಂದೆ. ಕಣ್ಣಾರೆ ನೋಡದೆ ಬರೆಯುವುದಿಲ್ಲ, ಅದು ನನ್ನ ರೂಢಿ. ಅರ್ಧ ದಿನ ಎತ್ತಿನ ಮುಂದೆ ಕೂತೆ. ಚಿತ್ರ ಹುಬೇಹೂಬು ಅದೇ ಎತ್ತಾಗಿ ಬಂತು. ಅದೇ ತಪ್ಪಾಯಿತು.

ಆರು ತಿಂಗಳಿಗೆ ಅವನೂ ಅವನ ತಮ್ಮನೂ ಪಾಲಾದರು. ಟ್ರೇಲರ್ ಅಣ್ಣನಿಗೆ, ಎತ್ತು ತಮ್ಮನಿಗೆ. ತನ್ನ ಎತ್ತು ಅಣ್ಣನ ಗಾಡಿ ಮೇಲೆ ತಿರುಗಬಾರದೆಂದು ತಮ್ಮ ಕೊಡ್ಲಿ ಹಿಡಿದು ಬಂದ. ಚಿತ್ರ ಮುಟ್ಟಿದರೆ ಕೈ ಮುರಿಯುತ್ತೇನೆಂದು ಅಣ್ಣ ನಿಂತ. ಇಬ್ಬರೂ ಕೂಡಿ ಕರೆದದ್ದು ನನ್ನನ್ನು. ನಡುವೆ ನಿಂತೆ. ಹೆಂಡತಿ ದೂರದಿಂದ ತನ್ನ ಹಣೆ ಮುಟ್ಟಿ ತೋರಿಸಿದಳು. ಎತ್ತಿನ ಹಣೆಗೆ ಒಂದು ಕಪ್ಪು ಚುಕ್ಕೆ ಇಟ್ಟೆ. ತಮ್ಮ ಸುತ್ತು ಬಂದು ನೋಡಿದ. ಇದು ನಮ್ಮದಲ್ಲ ಅಂದು ಕೊಡ್ಲಿ ಇಳಿಸಿದ.

ಹದಿನೈದು ದಿನಕ್ಕೆ ಅಣ್ಣನ ಫೋನು.

“ಪೇಂಟರ್ ಕಾಕಾ, ಹಣಿ ಮ್ಯಾಗ ಚುಕ್ಕಿ ಇರೋ ಎತ್ತು ಯಾವ ಸಂತ್ಯಾಗೂ ಸಿಗವಲ್ದು. ನೀವು ಎಲ್ಲಿ ನೋಡಿದ್ರಿ?”

ಕನ್ನಡಿ

ಅವಳು ಹೋದ ಮೇಲೆ ಬರೆದ ಮೂರು ಬೋರ್ಡು ಡೊಂಕಾದವು. ಆಮೇಲೆ ಗಂಗಾವತಿಯ ಒಂದು ಅಕ್ಕಿ ಗಿರಣಿಯ ಗೋಡೆ ಸಿಕ್ಕಿತು. ಎಡಗೈಯಲ್ಲಿ ಭತ್ತದ ತೆನೆ ಎತ್ತಿ ಹಿಡಿದ ಹೆಣ್ಣುಮಗಳು, ಎರಡಾಳು ಎತ್ತರ. ಶುಕ್ರವಾರ ಗಿರಣಿಯ ಪೂಜೆ. ಡೊಂಕಾದರೆ ಸುಣ್ಣ ಹೊಡೆಸಿ ಫ್ಲೆಕ್ಸ್ ಕಟ್ಟಿಸುತ್ತೇನೆ ಎಂದು ಮಾಲಕರು ಮೊದಲೇ ಹೇಳಿದ್ದರು. ಇದೂ ಕೆಟ್ಟರೆ ಬ್ರಷ್ ಇಟ್ಟುಬಿಡುವುದೆಂದು ನಾನೂ ಮನಸ್ಸು ಮಾಡಿದ್ದೆ.

ಹೆಂಡತಿಯ ಕುಂಕುಮದ ಡಬ್ಬಿಯ ಕನ್ನಡಿ ಒಯ್ದೆ. ಗೋಡೆಗೆ ಬೆನ್ನು ಮಾಡಿ ನಿಂತು, ಹೆಗಲ ಮೇಲಿಂದ ಕನ್ನಡಿಯಲ್ಲಿ ನೋಡಬೇಕು. ಚಿತ್ರ ಎಡಬಲ ಆಗಿ, ಸಣ್ಣದಾಗಿ ಕಾಣುತ್ತದೆ. ತಪ್ಪು ಸಿಗುತ್ತದೆ. ಎರಡು ದಿನ ಹಂಗೇ ಮಾಡಿದೆ. ಪೇಂಟರ್ ಕೆಲಸ ಬಿಟ್ಟು ಮುಖ ನೋಡಿಕೊಳ್ಳುತ್ತಾನೆ ಎಂದು ಹಮಾಲರು ಮಾಲಕರಿಗೆ ಹೇಳಿದರು. ಮಾಲಕರು ಬಂದರು. ಕೆಲಸ ಹೋಯಿತು ಅಂದುಕೊಂಡೆ. ಅವರು ಹೆಗಲ ಮೇಲೆ ಕೈ ಇಟ್ಟರು.

“ಒಬ್ಬಂಟಿ ಬಾಳೇವು ಭಾಳ ಕಷ್ಟರಿ. ನನಗ ತಿಳೀತದ.”

ಏನು ತಿಳಿಯಿತೋ ನನಗೆ ತಿಳಿಯಲಿಲ್ಲ.

ಗುರುವಾರ ಏಣಿ ಮೇಲಿದ್ದೆ. ಹೊರಳಿ ನೋಡಿದರೆ ರಸ್ತೆಯ ಆ ಬದಿ ಒಬ್ಬ ಹೆಣ್ಣುಮಗಳು ನಿಂತು ಇತ್ತ ಕಡೆಯೇ ನೋಡುತ್ತಿದ್ದರು. ಅವಳು ನಿಲ್ಲುತ್ತಿದ್ದ ಹಂಗೇ ನಿಂತಿದ್ದರು. ಇಳಿದು ರಸ್ತೆ ದಾಟಿದೆ. ಪಕ್ಕದಲ್ಲಿ ಮಾಲಕರು. ಇವರು ಮರಳಿ ಎಂಬ ಊರಿನವರು, ತಮಗೆ ದೂರದ ಅಕ್ಕ ಆಗಬೇಕು, ಗಂಡ ತೀರಿಕೊಂಡವರು, ಸಂಬಂಧಕ್ಕೆಂದು ನನ್ನನ್ನು ನೋಡಲು ಕರೆಸಿದ್ದಾಗಿ ಹೇಳಿದರು. ಮಾಲಕರು ಅಕ್ಕನಿಗೆ, ಹೆಂಗ ಅನಿಸಿದರು ಎಂದು ಕೇಳಿದರು.

“ಅವರನ್ನ ನಾ ಎಲ್ಲಿ ನೋಡೇನಿ? ಆ ಗ್ವಾಡಿ ಮ್ಯಾಲಿನ ಆಕೀ ಎಡಗೈ ಗಿಡ್ಡ ಆಗೈತಿ,” ಅಂದರು.

ನೋಡಿದೆ. ಒಂದು ಗೇಣು ಗಿಡ್ಡ. ಎರಡು ದಿನ ಕನ್ನಡಿಯಲ್ಲಿ ನಾನು ಚಿತ್ರದ ಮುಖ ಒಂದನ್ನೇ ನೋಡಿದ್ದೆ. ಅದು ನನ್ನ ಹೆಂಡತಿಯ ಮುಖ ಆಗಿತ್ತೆಂದು ಆಗ ಕಂಡಿತು.

ಓಡಿ ಏಣಿ ಹತ್ತಿದೆ. ಸೀಮೆಸುಣ್ಣದಿಂದ ಕೈ ಗುರುತು ಮೇಲೆ ಒಯ್ದೆ. ಇನ್ನೂ ಎಷ್ಟು ಎಂದು ತೋರಿಸಲು ಆ ಅಕ್ಕ ತಮ್ಮ ಎಡಗೈಯನ್ನೇ ನೆಟ್ಟಗೆ ಎತ್ತಿದರು.

ಬಸ್ಸು ನಿಂತಿತು.

ಗುರುತು ಇನ್ನೊಂದಿಷ್ಟು ಮೇಲೆ ಒಯ್ದೆ. ಬಸ್ಸು ಸರಿದಾಗ ಅಲ್ಲಿ ಮಾಲಕರು ಒಬ್ಬರೇ ನಿಂತಿದ್ದರು. ಅಕ್ಕನ ಊರಿನ ಕಡೆಯ ಬಸ್ಸೇ ಆಗಿತ್ತು, ಅವರು ಹತ್ತಿಬಿಟ್ಟಿದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು.

“ಈಗ ಸರಿ ಆತ್ ನೋಡ್ರಿ.”

ಮಾಲಕರು ಬಹಳ ಹೊತ್ತು ಗೋಡೆ ನೋಡಿದರು. ಫೋನ್ ಮಾಡಿ ಫ್ಲೆಕ್ಸ್‌ನವನಿಗೆ ಬೇಡ ಅಂದರು. ಆಮೇಲೆ ಬಸ್ಸು ಹೋದ ದಾರಿ ನೋಡಿದರು.

“ಸಂಬಂಧ ಹೋತಲ್ಲರೀ.”

“ಕೈ ಬಂತಲ್ರಿ,” ಅಂದೆ.